ದೊಡ್ಡ ಅಕ್ವೇರಿಯಂಗೆ ಎಷ್ಟು ಫಿಲ್ಟರ್ ಬೇಕು? ಲೀಟರಿಗಿಂತ ಮೊದಲು ಆಹಾರವನ್ನು ಅಳೆಯಿರಿ

ಪ್ರಶ್ನೆ: ನಮ್ಮ ಮನೆಯ 90 ಸೆಂ.ಮೀ. ಉದ್ದದ ಅಕ್ವೇರಿಯಂನಲ್ಲಿ ಎರಡು ಆಸ್ಕರ್ ಮೀನುಗಳೂ ಒಂದು ಸಕ್ಕರ್ ಮೀನೂ ಇವೆ. ಅವು ಬೆಳೆದು ತೊಟ್ಟಿ ಇಕ್ಕಟ್ಟಾಗಿರುವುದರಿಂದ, ಯಾರೋ ಬಳಸಿ ಬಿಟ್ಟಿದ್ದ 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಯನ್ನು ಕೊಂಡಿದ್ದೇನೆ. ತೊಟ್ಟಿಗೂ ಸ್ಟ್ಯಾಂಡಿಗೂ ಕೈಯಲ್ಲಿದ್ದ ಹಣದ ಬಹುಪಾಲು ಹೋಯಿತು. ಈಗ ಅಂಗಡಿಯವರು, ಗಂಟೆಗೆ ತೊಟ್ಟಿಯ ನೀರಿನ ಹತ್ತು ಪಟ್ಟು ಹರಿಸುವಂತೆ ಎರಡು ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಬೇಕೇ ಬೇಕು, ಅದರೊಳಗೆ ದುಬಾರಿ ಸೆರಾಮಿಕ್ ಮೀಡಿಯಾ (ಬ್ಯಾಕ್ಟೀರಿಯಾಗಳು ಕೂರಲೆಂದು ತುಂಬುವ ವಸ್ತು) ತುಂಬಬೇಕು ಎನ್ನುತ್ತಾರೆ. ಅವುಗಳ ಬೆಲೆ ತೊಟ್ಟಿಯ ಬೆಲೆಯನ್ನೇ ಮೀರುತ್ತದೆ. ಮೀನು ಸಾಕುವ ಗೆಳೆಯರೊಬ್ಬರು ಸಣ್ಣ ಸ್ಪಂಜ್ ಫಿಲ್ಟರ್ ಎರಡಿದ್ದರೆ ಸಾಕು ಎಂದರೆ, ಇನ್ನೊಬ್ಬರು ಸಂಪ್ (ಅಕ್ವೇರಿಯಂನ ಕೆಳಗಿಟ್ಟು ಫಿಲ್ಟರ್ ಆಗಿ ಬಳಸುವ ಇನ್ನೊಂದು ತೊಟ್ಟಿ) ಕಟ್ಟಿಸಿ ಎನ್ನುತ್ತಾರೆ. ತೊಟ್ಟಿಯಲ್ಲಿ ನೀರು ಕೆಳಗಿಳಿಸುವ ರಂಧ್ರಗಳಿಲ್ಲ. ಆಗಾಗ ಒಂದೆರಡು ಗಂಟೆ ವಿದ್ಯುತ್ ಹೋಗುವುದೂ ಉಂಟು. ಕಡಿಮೆ ಖರ್ಚಿನಲ್ಲಿ ಮೀನುಗಳಿಗೆ ತೊಂದರೆಯಾಗದ ದಾರಿ ಯಾವುದು? ಹಳೆಯ ತೊಟ್ಟಿಯ ಸಣ್ಣ ಫಿಲ್ಟರನ್ನು ಇನ್ನು ಎಸೆಯಬಹುದೇ?

ಉತ್ತರ: ಹಣ ಕಡಿಮೆಯಿದೆ ಎಂಬ ಕಾರಣಕ್ಕೆ ಮೀನುಗಳಿಗೆ ಅನ್ಯಾಯವಾಗಬಾರದು ಎಂಬುದೇ ನಿಮ್ಮ ಪ್ರಶ್ನೆಯ ಹಿಂದಿರುವ ಆತಂಕ ಎಂದು ನನಗೆ ಅರ್ಥವಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಎರಡು ದೊಡ್ಡ ಕ್ಯಾನಿಸ್ಟರ್‌ಗಳಿಲ್ಲದೆಯೂ ಈ ತೊಟ್ಟಿಯನ್ನು ಚೆನ್ನಾಗಿ ನಡೆಸಬಹುದು. ಆದರೆ ಎರಡು ಸಣ್ಣ ಸ್ಪಂಜ್ ಫಿಲ್ಟರ್‌ಗಳಿಂದ ಅದು ಆಗುವುದಿಲ್ಲ. ಹಳೆಯ ಫಿಲ್ಟರನ್ನಂತೂ ದಯವಿಟ್ಟು ಎಸೆಯಬೇಡಿ. ಸದ್ಯಕ್ಕೆ ನಿಮ್ಮ ಬಳಿ ಇರುವ ಅತ್ಯಂತ ಬೆಲೆಬಾಳುವ ಉಪಕರಣ ಅದೇ. ಏಕೆಂದು ಮುಂದೆ ವಿವರಿಸುತ್ತೇನೆ.

ಫಿಲ್ಟರ್ ಎಂದ ಕೂಡಲೇ ನಾವು ಕಸ ಹಿಡಿಯುವ ಯಂತ್ರವನ್ನು ಊಹಿಸಿಕೊಳ್ಳುತ್ತೇವೆ. ಕಸ ಹಿಡಿಯುವುದು ಅದರ ಕೆಲಸಗಳಲ್ಲಿ ಒಂದು, ನಿಜ. ಆದರೆ ಮೀನಿನ ಪ್ರಾಣ ನಿಂತಿರುವುದು ಕಣ್ಣಿಗೆ ಕಾಣದ ಇನ್ನೊಂದು ಕೆಲಸದ ಮೇಲೆ. ಮೀನು ತಿಂದ ಪ್ರೋಟೀನಿನ ಸಾರಜನಕದ ಬಹುಭಾಗ ಅಮೋನಿಯಾ ರೂಪದಲ್ಲಿ, ಮುಖ್ಯವಾಗಿ ಕಿವಿರುಗಳ ಮೂಲಕ, ನೀರಿಗೆ ಸೇರುತ್ತದೆ. ಕೊಳೆಯುವ ಮಲ ಮತ್ತು ಉಳಿದ ಆಹಾರದಿಂದ ಇನ್ನಷ್ಟು ಅಮೋನಿಯಾ ಬರುತ್ತದೆ. ಅದನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ, ನೈಟ್ರೋಸ್ಪೈರಾದಂಥ ಬ್ಯಾಕ್ಟೀರಿಯಾಗಳು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಮೋನಿಯಾ ಕಿವಿರುಗಳನ್ನು ಸುಡುತ್ತದೆ. ನೈಟ್ರೈಟ್ ಮೀನಿನ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿ ಇಲ್ಲದಂತೆ ಮಾಡುತ್ತದೆ. ಕೊನೆಯಲ್ಲಿ ಉಳಿಯುವ ನೈಟ್ರೇಟ್ ಇವೆರಡಕ್ಕಿಂತ ಬಹಳ ಕಡಿಮೆ ಅಪಾಯಕಾರಿ. ಈ ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲಾಡಿಕೊಂಡು ಇರುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಜಲ್ಲಿ, ಗಾಜು, ಕೊಳವೆ ಮುಂತಾದ ಮೇಲ್ಮೈಗಳಿಗೆ ಅಂಟಿಕೊಂಡು ಬದುಕುತ್ತವೆ. ಅವುಗಳಿಗೆ ಬೇಕಾದದ್ದು ಕೂರಲು ಜಾಗ, ಹರಿದು ಬರುವ ಅಮೋನಿಯಾ ಮತ್ತು ಧಾರಾಳವಾದ ಆಮ್ಲಜನಕ. ದುಬಾರಿ ಡಬ್ಬಿಯೊಳಗಿನ ಜಾಗಕ್ಕೂ ಅಗ್ಗದ ಸ್ಪಂಜಿನ ಜಾಗಕ್ಕೂ ಅವುಗಳ ಪಾಲಿಗೆ ಭೇದವಿಲ್ಲ.

ಆದ್ದರಿಂದ ಫಿಲ್ಟರ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸುವುದು ತೊಟ್ಟಿಯ ಲೀಟರ್‌ಗಳಲ್ಲ, ದಿನಕ್ಕೆ ತೊಟ್ಟಿಗೆ ಬೀಳುವ ಆಹಾರ. ನಿಮ್ಮ ತೊಟ್ಟಿಯ ಹೊರ ಅಳತೆಯಿಂದ ಲೆಕ್ಕ ಹಾಕಿದರೆ 648 ಲೀಟರ್ ಬರುತ್ತದೆ. ಗಾಜಿನ ದಪ್ಪವನ್ನೂ ಮೇಲೆ ಬಿಡಬೇಕಾದ ಖಾಲಿ ಜಾಗವನ್ನೂ ಕಳೆದರೆ ನಿಜವಾಗಿ ಹಿಡಿಯುವ ನೀರು ಸುಮಾರು 540 ಲೀಟರ್. ಬೆಳೆದ ಎರಡು ಆಸ್ಕರ್ ಮತ್ತು ಒಂದು ಸಕ್ಕರ್ ಮೀನಿಗೆ ದಿನಕ್ಕೆ ಸುಮಾರು 10 ಗ್ರಾಂ ಒಣ ಆಹಾರ ಹಾಕುತ್ತೀರಿ, ಅದರಲ್ಲಿ ಶೇ. 40ರಷ್ಟು ಪ್ರೋಟೀನ್ ಇದೆ ಎಂದಿಟ್ಟುಕೊಳ್ಳೋಣ. ಮೀನು ಸಾಕಣೆಯಲ್ಲಿ ಬಳಸುವ ಸರಳ ಸೂತ್ರವೊಂದಿದೆ: ಆಹಾರದ ತೂಕವನ್ನು ಪ್ರೋಟೀನಿನ ಪ್ರಮಾಣದಿಂದ (ಶೇ. 40 ಎಂದರೆ 0.40) ಗುಣಿಸಿ, ಬಂದದ್ದನ್ನು 0.092ರಿಂದ ಗುಣಿಸಿದರೆ ಹುಟ್ಟುವ ಅಮೋನಿಯಾ ಸಾರಜನಕದ, ಅಂದರೆ ಅಮೋನಿಯಾದೊಳಗಿನ ಸಾರಜನಕದ ತೂಕದ, ಅಂದಾಜು ಸಿಗುತ್ತದೆ. ಅದರಂತೆ ನಿಮ್ಮ ತೊಟ್ಟಿಯಲ್ಲಿ ದಿನಕ್ಕೆ ಸುಮಾರು 0.37 ಗ್ರಾಂ, ಅಂದರೆ ಪ್ರತಿ ಲೀಟರ್ ನೀರಿಗೆ ಸುಮಾರು 0.68 ಮಿಲಿಗ್ರಾಂ ಸೇರುತ್ತದೆ. ಇದನ್ನು ಸಂಸ್ಕರಿಸುವ ಯಾರೂ ಇಲ್ಲದಿದ್ದರೆ ಎರಡು ಮೂರು ದಿನಗಳಲ್ಲೇ ಮೀನುಗಳು ಸಂಕಟಕ್ಕೆ ಸಿಲುಕುತ್ತವೆ. ನೀರಿನ ಪಿಎಚ್ ಹೆಚ್ಚಿದ್ದರೆ ಇನ್ನೂ ಬೇಗ: 25 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದಲ್ಲಿರುವುದು ಶೇ. 0.6ರಷ್ಟು ಮಾತ್ರ, ಪಿಎಚ್ 8ಕ್ಕೆ ಏರಿದರೆ ಅದು ಶೇ. 5ನ್ನು ದಾಟುತ್ತದೆ.

ಈಗ ಇಷ್ಟು ಅಮೋನಿಯಾಕ್ಕೆ ಎಷ್ಟು ಮೇಲ್ಮೈ ಬೇಕು ಎಂದು ನೋಡೋಣ. ಮನೆಯ ತೊಟ್ಟಿಯ ನೀರಿನಲ್ಲಿ ಅಮೋನಿಯಾ ಯಾವಾಗಲೂ ತೀರ ತೆಳುವಾಗಿರಬೇಕಾದ್ದರಿಂದ, ಒಂದು ಚದರ ಮೀಟರ್ ಮೇಲ್ಮೈ ದಿನಕ್ಕೆ 0.1 ಗ್ರಾಂ ಅಮೋನಿಯಾ ಸಾರಜನಕವನ್ನಷ್ಟೇ ನಿಭಾಯಿಸುತ್ತದೆ ಎಂದು ಎಚ್ಚರಿಕೆಯಿಂದ ಲೆಕ್ಕ ಹಿಡಿದರೂ ನಿಮಗೆ ಬೇಕಾಗುವುದು ನಾಲ್ಕು ಚದರ ಮೀಟರಿಗಿಂತ ಕಡಿಮೆ. ಇಂಚಿಗೆ 20ರಿಂದ 30 ರಂಧ್ರಗಳಿರುವ ಫಿಲ್ಟರ್ ಸ್ಪಂಜಿನಲ್ಲಿ ಒಂದು ಲೀಟರ್ ಗಾತ್ರಕ್ಕೆ ಸುಮಾರು ಒಂದು ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಕೊಳೆ ಕಟ್ಟಿಕೊಂಡು ಅರ್ಧದಷ್ಟು ಜಾಗ ಹಾಳಾಯಿತೆಂದರೂ ಎಂಟು ಹತ್ತು ಲೀಟರ್ ಸ್ಪಂಜು ಸಾಕು. ಗೆಳೆಯರು ಹೇಳಿದ ಎರಡು ಸಣ್ಣ ಸ್ಪಂಜ್ ಫಿಲ್ಟರ್‌ಗಳು ಏಕೆ ಸಾಲವೆಂಬುದಕ್ಕೆ ಇಲ್ಲೇ ಉತ್ತರವಿದೆ: ಅವೆರಡರಲ್ಲಿರುವ ಸ್ಪಂಜು ಒಟ್ಟು ಸೇರಿಸಿದರೂ ಸಾಮಾನ್ಯವಾಗಿ ಒಂದು ಲೀಟರ್ ಆಸುಪಾಸಿನಲ್ಲಿರುತ್ತದೆ. ಸ್ಪಂಜ್ ಫಿಲ್ಟರ್ ಎಂಬ ವಿಧಾನದಲ್ಲಿ ದೋಷವಿಲ್ಲ. ಕೊರತೆ ಇರುವುದು ಗಾತ್ರದಲ್ಲಿ.

ಸೆರಾಮಿಕ್ ಮೀಡಿಯಾದ ಡಬ್ಬಿಗಳ ಮೇಲೆ ಒಂದು ಲೀಟರಿಗೆ ನೂರಾರು ಚದರ ಮೀಟರ್ ಮೇಲ್ಮೈ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಆ ಅಂಕಿಗಳು ಅತಿ ಸೂಕ್ಷ್ಮ ರಂಧ್ರಗಳ ಒಳಗೋಡೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಬ್ಯಾಕ್ಟೀರಿಯಾಗಳ ಪದರ ಬೆಳೆದಾಗ ಆ ರಂಧ್ರಗಳ ಬಾಯಿ ಮುಚ್ಚುತ್ತದೆ, ಒಳಕ್ಕೆ ಆಮ್ಲಜನಕವಾಗಲಿ ಹರಿವಾಗಲಿ ತಲುಪುವುದಿಲ್ಲ. ಕೆಲಸ ನಡೆಯುವುದು ಹೊರಮೈಯಲ್ಲಿ ಮತ್ತು ಅದರ ತೀರ ಸಮೀಪದಲ್ಲಿ. ಸೆರಾಮಿಕ್ ಕೆಟ್ಟ ವಸ್ತುವಲ್ಲ, ಈಗಾಗಲೇ ಇದ್ದರೆ ಬಳಸಿ. ಆದರೆ ಹಣ ಎಣಿಸಿ ಖರ್ಚು ಮಾಡಬೇಕಾದವರು ಅದಕ್ಕಾಗಿ ಒಂದು ರೂಪಾಯಿಯನ್ನೂ ತೆಗೆದಿಡುವ ಅಗತ್ಯವಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆಕ್ಟಿವೇಟೆಡ್ ಕಾರ್ಬನ್ ವಿಷಯವೂ ಹಾಗೆಯೇ: ಮರದ ದಿಮ್ಮಿಯಿಂದ ಬಿಡುವ ಕಂದು ಬಣ್ಣವನ್ನೋ ಉಳಿದ ಔಷಧವನ್ನೋ ತೆಗೆಯಲು ಅದು ಒಳ್ಳೆಯದು, ಅಮೋನಿಯಾದ ಮೇಲೆ ಅದರ ಪ್ರಭಾವ ನಗಣ್ಯ. ಯುವಿ ದೀಪ ನೀರನ್ನು ಹಸಿರಾಗಿಸುವ ತೇಲುಪಾಚಿಯನ್ನು ಕೊಲ್ಲುತ್ತದೆಯೇ ಹೊರತು ಫಿಲ್ಟರಿನ ಕೆಲಸ ಮಾಡುವುದಿಲ್ಲ.

ಹತ್ತು ಪಟ್ಟು ಹರಿವಿನ ಮಾತಿಗೆ ಬರೋಣ. ಪಂಪಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿ, ಸಾಮಾನ್ಯವಾಗಿ, ಮೀಡಿಯಾ ಇಲ್ಲದೆ, ನೀರನ್ನು ಮೇಲಕ್ಕೆ ಎತ್ತದೆ ಅಳೆದದ್ದು. ಮೀಡಿಯಾ ತುಂಬಿ, ಕೊಳವೆ ಜೋಡಿಸಿ, ಒಂದು ತಿಂಗಳು ಓಡಿಸಿದ ಮೇಲೆ ಹರಿವು ಗಣನೀಯವಾಗಿ ಕುಸಿದಿರುತ್ತದೆ. ಆದ್ದರಿಂದ ಅಂಗಡಿಯವರು ದೊಡ್ಡ ಅಂಕಿ ಹೇಳುವುದರಲ್ಲಿ ಸ್ವಲ್ಪ ಅರ್ಥವಿದೆ. ಅವರನ್ನು ಸಂಪೂರ್ಣ ತಳ್ಳಿಹಾಕಲಾರೆ. ಆದರೆ ನಿಜವಾಗಿ ಹರಿಯುವ ನೀರು ಗಂಟೆಗೆ ತೊಟ್ಟಿಯ ಮೂರರಿಂದ ಐದು ಪಟ್ಟು ಇದ್ದು, ತೊಟ್ಟಿಯ ಯಾವ ಮೂಲೆಯೂ ನಿಂತ ನೀರಾಗಿ ಉಳಿಯದಿದ್ದರೆ, ಅದಕ್ಕಿಂತ ಹೆಚ್ಚಿಸುವುದರಿಂದ ಅಮೋನಿಯಾ ಸಂಸ್ಕರಣೆಯಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ನಿಮ್ಮ ಫಿಲ್ಟರಿನ ನಿಜವಾದ ಹರಿವನ್ನು ಅಳೆಯುವುದು ಸುಲಭ: ಹೊರಬರುವ ನೀರನ್ನು ಹತ್ತು ಲೀಟರ್ ಬಕೆಟ್ಟಿಗೆ ಹಿಡಿದು ಸಮಯ ನೋಡಿ. ಮೂವತ್ತು ಸೆಕೆಂಡಿಗೆ ತುಂಬಿದರೆ ಗಂಟೆಗೆ 1,200 ಲೀಟರ್. ಅಳೆಯುವಾಗ ಬಕೆಟ್ಟನ್ನು ತೊಟ್ಟಿಯ ನೀರಿನ ಮಟ್ಟದಲ್ಲೇ ಹಿಡಿಯಬೇಕು, ಕೆಳಗಿಟ್ಟರೆ ಹರಿವು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ನಿಮ್ಮ ಪರಿಸ್ಥಿತಿಯಲ್ಲಿ ನಾನು ಮೊದಲ ಆಯ್ಕೆಯಾಗಿ ಸೂಚಿಸುವುದು ತೊಟ್ಟಿಯೊಳಗೇ ಕಟ್ಟುವ ಸ್ಪಂಜಿನ ಗೋಡೆಯನ್ನು. ಮೀನು ತಳಿ ಬೆಳೆಸುವವರು ಇದನ್ನು ಹ್ಯಾಂಬರ್ಗ್ ಮ್ಯಾಟ್ ಫಿಲ್ಟರ್ ಎಂಬ ಹೆಸರಿನಿಂದ ಬಹಳ ಕಾಲದಿಂದ ಬಳಸುತ್ತಿದ್ದಾರೆ. ತೊಟ್ಟಿಯ ಒಂದು ತುದಿಯಲ್ಲಿ, ಗಾಜಿನ ಗೋಡೆಯಿಂದ ಸುಮಾರು 12 ಸೆಂ.ಮೀ. ಬಿಟ್ಟು, 5 ಸೆಂ.ಮೀ. ದಪ್ಪದ ಒರಟು ಸ್ಪಂಜಿನ ಹಾಳೆಯನ್ನು ತಳದಿಂದ ನೀರಿನ ಮಟ್ಟಕ್ಕಿಂತ ಮೇಲಿನವರೆಗೆ ಅಡ್ಡಲಾಗಿ ನಿಲ್ಲಿಸಬೇಕು. ಅದರ ಹಿಂದಿನ ಕೋಣೆಯಲ್ಲಿ ಒಂದು ಮುಳುಗು ಪಂಪ್ ಇಟ್ಟು, ಅದರ ಕೊಳವೆಯನ್ನು ಸ್ಪಂಜಿನ ಮೇಲ್ಭಾಗದಿಂದ ಮುಂದಕ್ಕೆ ತಂದು ನೀರಿನ ಮೇಲ್ಮೈ ಕಲಕುವಂತೆ ಹರಿಸಬೇಕು. ಪಂಪ್ ಹಿಂದಿನ ನೀರನ್ನು ಎಳೆದಂತೆಲ್ಲ ತೊಟ್ಟಿಯ ನೀರು ಸ್ಪಂಜಿನ ಇಡೀ ಮೈಯ ಮೂಲಕ ನಿಧಾನವಾಗಿ ಹಾದುಹೋಗುತ್ತದೆ.

ಈ ಗೋಡೆಯ ಅಳತೆ ನಿಮ್ಮ ತೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಒಳಗಿನ ಅಗಲ 57 ಸೆಂ.ಮೀ., ನೀರಿನ ಎತ್ತರ 53 ಸೆಂ.ಮೀ. ಎಂದರೆ ನೀರು ಹಾಯುವ ಮೈ ಸುಮಾರು 3,000 ಚದರ ಸೆಂ.ಮೀ. ಇಂಥ ಸ್ಪಂಜಿನ ಮೂಲಕ ನೀರು ನಿಮಿಷಕ್ಕೆ 5ರಿಂದ 10 ಸೆಂ.ಮೀ. ವೇಗದಲ್ಲಿ ಹಾದರೆ ಒಳ್ಳೆಯದೆಂಬುದು ರೂಢಿಯ ನಿಯಮ. ಗರಿಷ್ಠ 10 ಸೆಂ.ಮೀ. ಹಿಡಿದರೆ ನಿಮಿಷಕ್ಕೆ 30 ಲೀಟರ್, ಗಂಟೆಗೆ 1,800 ಲೀಟರ್, ಅಂದರೆ ತೊಟ್ಟಿಯ ಮೂರು ಪಟ್ಟಿಗೂ ಸ್ವಲ್ಪ ಹೆಚ್ಚು. ಸ್ಪಂಜಿನ ಒಟ್ಟು ಗಾತ್ರ 15 ಲೀಟರ್. ನಾವು ಮೇಲೆ ಹಾಕಿದ ಲೆಕ್ಕಕ್ಕಿಂತ ಇದು ಎಷ್ಟೋ ಹೆಚ್ಚು; ಅಷ್ಟು ಸ್ಪಂಜು ಹಿಡಿಯುವ ಕ್ಯಾನಿಸ್ಟರ್ ಬೇಕೆಂದರೆ ದೊಡ್ಡ ಮಾದರಿಯನ್ನೇ ಕೊಳ್ಳಬೇಕಾಗುತ್ತದೆ. ಇಲ್ಲಿ ನೀವು ಕೊಳ್ಳುವುದು ಒಂದು ಸ್ಪಂಜಿನ ಹಾಳೆ ಮತ್ತು ಒಂದು ಪಂಪ್ ಮಾತ್ರ.

ತೊಟ್ಟಿ ಇನ್ನೂ ಖಾಲಿಯಿರುವುದು ನಿಮ್ಮ ಅದೃಷ್ಟ, ಏಕೆಂದರೆ ಸ್ಪಂಜನ್ನು ಹಿಡಿದಿಡುವ ಗಾಜಿನ ಪಟ್ಟಿಗಳನ್ನು ಎರಡೂ ಬದಿಗೆ ಸಿಲಿಕೋನಿನಿಂದ ಅಂಟಿಸಲು ಗಾಜು ಒಣಗಿರಬೇಕು. ಬೂಷ್ಟು ನಿರೋಧಕ ರಾಸಾಯನಿಕ ಬೆರೆಸಿದ ಸ್ನಾನದ ಮನೆಯ ಸಿಲಿಕೋನ್ ಬೇಡ. ಅಕ್ವೇರಿಯಂಗೆಂದೇ ಮಾರುವುದನ್ನು ಬಳಸಿ, ಪೂರ್ತಿ ಗಟ್ಟಿಯಾಗಲು ತಯಾರಕರು ಹೇಳಿದಷ್ಟು ಸಮಯ ಬಿಡಿ. ಸ್ಪಂಜನ್ನು ಒಳಗಿನ ಅಗಲಕ್ಕಿಂತ ಒಂದು ಸೆಂ.ಮೀ. ಹೆಚ್ಚಾಗಿ ಕತ್ತರಿಸಿದರೆ ಅದು ಬಿಗಿಯಾಗಿ ಕೂರುತ್ತದೆ, ಸಂದಿಯಿಂದ ನೀರು ನುಸುಳುವುದಿಲ್ಲ. ಹಾಸಿಗೆಯ ಸ್ಪಂಜು ಅಗ್ಗವಾಗಿ ಸಿಗುತ್ತದೆಂದು ಅದನ್ನು ತರಬೇಡಿ: ಅದರ ರಂಧ್ರಗಳು ತೀರ ಸಣ್ಣ, ಬೇಗ ಕಟ್ಟಿಕೊಳ್ಳುತ್ತವೆ, ಜೊತೆಗೆ ಬೆಂಕಿ ಅಥವಾ ಬೂಷ್ಟು ತಡೆಯುವ ರಾಸಾಯನಿಕಗಳನ್ನು ಅದಕ್ಕೆ ಸೇರಿಸಿರುವ ಸಾಧ್ಯತೆ ಇದೆ. ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು.

ಆಸ್ಕರ್ ಮೀನುಗಳ ಸ್ವಭಾವವನ್ನೂ ಗಮನದಲ್ಲಿಡಬೇಕು. ಅವು ಕುತೂಹಲದಿಂದ ಎಲ್ಲವನ್ನೂ ಕಚ್ಚಿ ಎಳೆಯುತ್ತವೆ, ನೆಲ ಅಗೆಯುತ್ತವೆ. ಸ್ಪಂಜಿನ ಮುಂದೆ ಚೌಕಳಿ ಪ್ಲಾಸ್ಟಿಕ್ ಜಾಲರಿಯೊಂದನ್ನು ನಿಲ್ಲಿಸಿದರೆ ಅದಕ್ಕೆ ರಕ್ಷಣೆ ಸಿಗುತ್ತದೆ. ಹೀಟರ್ ಬಳಸುವಿರಾದರೆ ಅದನ್ನೂ ಸ್ಪಂಜಿನ ಹಿಂದಿನ ಕೋಣೆಯಲ್ಲಿ, ತಳದ ಹತ್ತಿರ ಅಡ್ಡಲಾಗಿ ಇರಿಸಿ. ದೊಡ್ಡ ಆಸ್ಕರ್‌ಗಳು ಗಾಜಿನ ಹೀಟರನ್ನು ಒಡೆದಿರುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಸ್ಪಂಜು ಕಟ್ಟಿಕೊಂಡಾಗ ಹಿಂದಿನ ಕೋಣೆಯ ನೀರಿನ ಮಟ್ಟ ಮುಂದಿನದಕ್ಕಿಂತ ಕೆಳಗಿಳಿಯುತ್ತದೆ. ಎರಡು ಮೂರು ಸೆಂ.ಮೀ. ವ್ಯತ್ಯಾಸ ಕಂಡರೆ ಸ್ವಚ್ಛಗೊಳಿಸುವ ಸಮಯ ಬಂದಿದೆ ಎಂದರ್ಥ. ಅದನ್ನು ಕಡೆಗಣಿಸಿದರೆ ಪಂಪೂ ಹೀಟರೂ ನೀರಿಲ್ಲದೆ ಓಡಿ ಹಾಳಾಗುವ ಅಪಾಯವಿದೆ. ಈ ವಿಧಾನದ ನಿಜವಾದ ತೊಂದರೆ ಇದೊಂದೇ ಎನ್ನಬಹುದು. ತೊಟ್ಟಿಯ ಉದ್ದದಲ್ಲಿ ಹದಿನೇಳು ಸೆಂ.ಮೀ. ಕಳೆದುಕೊಳ್ಳುವುದು, ನೋಟಕ್ಕೆ ಕಪ್ಪು ಗೋಡೆಯೊಂದು ಉಳಿಯುವುದು ಉಳಿದ ಕೊರತೆಗಳು.

ಆಸ್ಕರ್ ಮತ್ತು ಸಕ್ಕರ್ ಮೀನುಗಳ ದಪ್ಪ ಮಲವನ್ನು ಈ ಗೋಡೆ ಎಳೆದುಕೊಳ್ಳುವುದಿಲ್ಲ, ಅದು ತಳದಲ್ಲೇ ಉಳಿಯುತ್ತದೆ. ಸಕ್ಕರ್ ಮೀನು ತೊಟ್ಟಿಯನ್ನು ಶುಚಿಯಾಗಿಡುತ್ತದೆ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಗಾಜಿನ ಪಾಚಿಯನ್ನು ಅದು ಸ್ವಲ್ಪ ಕೆರೆಯುತ್ತದೆ ನಿಜ, ಆದರೆ ಬೆಳೆದ ಸಕ್ಕರ್ ತಾನೇ ಹಾಕುವ ಮಲ ದೊಡ್ಡ ಹೊರೆ. ಇಲ್ಲಿ ನಿಮ್ಮ ಹಳೆಯ ಫಿಲ್ಟರ್ ನೆರವಿಗೆ ಬರುತ್ತದೆ. ಅದನ್ನು ಹೊಸ ತೊಟ್ಟಿಯ ಎದುರು ತುದಿಯಲ್ಲಿ, ತಳದ ಹತ್ತಿರದಿಂದ ನೀರು ಎಳೆಯುವಂತೆ ಜೋಡಿಸಿ, ಕಸ ಹಿಡಿಯುವ ಕೆಲಸಕ್ಕೆ ಕಾಯಂ ಆಗಿ ಉಳಿಸಿಕೊಳ್ಳಿ.

ಆದರೆ ಮೊದಲ ಆರು ವಾರ ಅದಕ್ಕೆ ಇನ್ನೂ ದೊಡ್ಡ ಹೊಣೆಯಿದೆ. ಹೊಸ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಿಮ್ಮ ಮೀನುಗಳು ಅವೇ, ಆಹಾರವೂ ಅಷ್ಟೇ ಆಗಿದ್ದರೆ, ಹಳೆಯ ಫಿಲ್ಟರಿನಲ್ಲೂ ಹಳೆಯ ಜಲ್ಲಿಯಲ್ಲೂ ಇರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಇಷ್ಟೇ ಅಮೋನಿಯಾಕ್ಕೆ ಈಗಾಗಲೇ ಹೊಂದಿಕೊಂಡಿದೆ. ಆದ್ದರಿಂದ ಮೀನುಗಳನ್ನು ಸಾಗಿಸುವ ದಿನವೇ ಹಳೆಯ ಫಿಲ್ಟರನ್ನು ತೊಳೆಯದೆ, ಒಣಗಲು ಬಿಡದೆ ಹೊಸ ತೊಟ್ಟಿಯಲ್ಲಿ ಓಡಿಸಿ. ಹಳೆಯ ಜಲ್ಲಿಯನ್ನು ಜಾಲರಿ ಚೀಲದಲ್ಲಿ ತುಂಬಿ ಸ್ಪಂಜಿನ ಹಿಂದೆ ಇಳಿಬಿಡಿ. ಸಾಧ್ಯವಾದರೆ ಹಳೆಯ ಸ್ಪಂಜಿನ ಒಂದು ತುಂಡನ್ನು ಹೊಸ ಗೋಡೆಯ ಮೇಲೆಯೇ ಹಿಂಡಿ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ದ್ರಾವಣಗಳ ಗುಣಮಟ್ಟ ಒಂದೇ ಸಮನಾಗಿರುವುದಿಲ್ಲ. ನಿಮ್ಮ ಬಳಿ ಜೀವಂತ ಫಿಲ್ಟರ್ ಇರುವಾಗ ಅದಕ್ಕೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ಸಾಗಿಸುವ ಮುನ್ನ ಎರಡೂ ತೊಟ್ಟಿಗಳ ಪಿಎಚ್ ಪರೀಕ್ಷಿಸಲು ಮರೆಯಬೇಡಿ. ಇಕ್ಕಟ್ಟಾದ ಹಳೆಯ ತೊಟ್ಟಿಯಲ್ಲಿ ಪಿಎಚ್ ಬಹಳ ಕೆಳಗಿಳಿದಿದ್ದರೆ ಮೀನುಗಳನ್ನು ಒಮ್ಮೆಗೇ ಹೊಸ ನೀರಿಗೆ ಬಿಡಬಾರದು. ಅದಕ್ಕೂ ಒಂದೆರಡು ವಾರ ಮೊದಲಿನಿಂದ ಹಳೆಯ ತೊಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ, ಆದರೆ ಆಗಾಗ ನೀರು ಬದಲಿಸಿ ಅವುಗಳನ್ನು ಒಗ್ಗಿಸಬೇಕು.

ಎರಡನೆಯ ಆಯ್ಕೆ ಒಂದು ಕ್ಯಾನಿಸ್ಟರ್ ಫಿಲ್ಟರ್. ಗೋಡೆ ಕಟ್ಟುವ ಕೆಲಸ ಬೇಡ, ತೊಟ್ಟಿಯೊಳಗೆ ಜಾಗ ಹೋಗಬಾರದು ಎನ್ನುವವರಿಗೆ ಅದು ಒಳ್ಳೆಯ ಉಪಕರಣ. ಎರಡು ಬೇಕಿಲ್ಲ, ಮೀಡಿಯಾಕ್ಕೆ ಎಂಟು ಹತ್ತು ಲೀಟರ್ ಜಾಗವಿರುವ ಒಂದನ್ನು ಕೊಂಡು, ಅದರ ತಟ್ಟೆಗಳಿಗೆ ಒರಟು ಸ್ಪಂಜನ್ನೋ ಸೋಪು ಸೋಕಿಸದ ಪ್ಲಾಸ್ಟಿಕ್ ಪಾತ್ರೆ ಉಜ್ಜುವ ಜಾಲರಿಗಳನ್ನೋ ತುಂಬಿ, ಜೊತೆಗೆ ಹಳೆಯ ಫಿಲ್ಟರನ್ನು ಓಡಿಸಿದರೆ ಸಾಕು. ಬಳಸಿದ ಕ್ಯಾನಿಸ್ಟರ್ ಕೊಳ್ಳುವುದಾದರೆ ಮುಚ್ಚಳದ ರಬ್ಬರ್ ಉಂಗುರ, ಇಂಪೆಲ್ಲರ್ (ನೀರು ತಳ್ಳುವ ಸಣ್ಣ ಚಕ್ರ) ಮತ್ತು ಕೊಳವೆ ಜೋಡಣೆಯ ಬಿಡಿಭಾಗಗಳು ಈಗಲೂ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ, ಕೊಂಡ ಮೇಲೆ ಒಂದು ರಾತ್ರಿ ಬಕೆಟ್ಟಿನ ನೀರಿನಲ್ಲಿ ಓಡಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನಿಮ್ಮಲ್ಲಿ ವಿದ್ಯುತ್ ಹೋಗುವುದೇ ಕ್ಯಾನಿಸ್ಟರಿಗೆ ದೊಡ್ಡ ವಿರೋಧಿ. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಅಲ್ಲಿನ ಬ್ಯಾಕ್ಟೀರಿಯಾಗಳೇ ಆಮ್ಲಜನಕವನ್ನು ಬೇಗ ಖಾಲಿ ಮಾಡುತ್ತವೆ. ಒಂದೆರಡು ಗಂಟೆಗೆ ಸಾಮಾನ್ಯವಾಗಿ ಅನಾಹುತವಾಗುವುದಿಲ್ಲ. ಆದರೆ ಹಲವು ಗಂಟೆ ನಿಂತ ಕ್ಯಾನಿಸ್ಟರನ್ನು ಹಾಗೆಯೇ ಚಾಲೂ ಮಾಡಬಾರದು. ಮುಚ್ಚಳ ತೆಗೆದು, ಒಳಗಿನ ನೀರನ್ನು ಚೆಲ್ಲಿ, ಕೆಟ್ಟ ವಾಸನೆ ಇದ್ದರೆ ಮೀಡಿಯಾವನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಅಲುಗಿಸಿ ನಂತರ ಚಾಲೂ ಮಾಡಬೇಕು. ಸ್ಪಂಜಿನ ಗೋಡೆ ತೆರೆದ ನೀರಿನಲ್ಲೇ ಇರುವುದರಿಂದ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ.

ಸಂಪ್ ಎಂಬುದು ತತ್ವದಲ್ಲಿ ಅತ್ಯುತ್ತಮ ವ್ಯವಸ್ಥೆ: ಮೀಡಿಯಾಕ್ಕೆ ಬೇಕಾದಷ್ಟು ಜಾಗ, ನೀರು ಬೀಳುವಾಗ ಸಿಗುವ ಆಮ್ಲಜನಕ, ಸುಲಭವಾದ ನಿರ್ವಹಣೆ. ಮೊದಲೇ ರಂಧ್ರವಿದ್ದ ತೊಟ್ಟಿಯಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಬಳಸಿದ ತೊಟ್ಟಿಗೆ ಈಗ ರಂಧ್ರ ಕೊರೆಯುವುದು ಬೇರೆ ಮಾತು. ಟೆಂಪರ್ಡ್ ಗಾಜಾಗಿದ್ದರೆ ಡ್ರಿಲ್ ತಾಗಿದ ಕ್ಷಣ ಇಡೀ ಹಾಳೆ ಪುಡಿಯಾಗುತ್ತದೆ. ಕೊರೆಯದೆ, ತೊಟ್ಟಿಯ ಅಂಚಿಗೆ ತೂಗುಹಾಕುವ ಸೈಫನ್ ಪೆಟ್ಟಿಗೆಯಿಂದ ನೀರು ಇಳಿಸಬಹುದು. ಆದರೆ ವಿದ್ಯುತ್ ಹೋಗಿ ಬಂದಾಗ ಗಾಳಿ ಸೇರಿ ಸೈಫನ್ ಕಡಿದುಹೋದರೆ ಕೆಳಗಿನ ಪಂಪ್ ಸಂಪಿನ ನೀರನ್ನೆಲ್ಲ ಮೇಲಕ್ಕೆ ಎತ್ತಿ ನೆಲಕ್ಕೆ ಹರಿಸುತ್ತದೆ. ಪಂಪ್ ನಿಂತಾಗಲೂ ಲೆಕ್ಕ ಸರಿಯಿರಬೇಕು: ನಿಮ್ಮ ತೊಟ್ಟಿಯ ನೀರು ಮೂರು ಸೆಂ.ಮೀ. ಇಳಿದರೆ 30 ಲೀಟರ್ ಕೆಳಗೆ ಬರುತ್ತದೆ, ಅದನ್ನು ಹಿಡಿಯುವ ಖಾಲಿ ಜಾಗ ಸಂಪಿನಲ್ಲಿ ಸದಾ ಇರಬೇಕು. ಆಗಾಗ ವಿದ್ಯುತ್ ಹೋಗುವ ಮನೆಯಲ್ಲಿ, ರಂಧ್ರವಿಲ್ಲದ ತೊಟ್ಟಿಗೆ, ಅನುಭವವಿಲ್ಲದವರು ಇದನ್ನು ಮಾಡುವುದು ನನಗೆ ಸಮ್ಮತವಲ್ಲ. ಜಲ್ಲಿಯ ಕೆಳಗೆ ತಟ್ಟೆ ಹಾಸುವ ಹಳೆಯ ಬಗೆಯ ಫಿಲ್ಟರ್, ನೆಲ ಅಗೆಯುವ ಆಸ್ಕರ್‌ಗಳಿಗೆ ಹೊಂದುವುದಿಲ್ಲ.

ಯಾವ ದಾರಿ ಹಿಡಿದರೂ ಏರ್ ಪಂಪ್ ಒಂದು ಇರಲಿ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಆಗಿಸಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, ಮೀನುಗಳ ಉಸಿರಾಟದ ಪಾಲು ಬೇರೆ. ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕವೇ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಓಡುವ ಅಥವಾ ವಿದ್ಯುತ್ ಹೋದ ಕೂಡಲೇ ತಾನಾಗಿ ಬ್ಯಾಟರಿಗೆ ಬದಲಾಗುವ ಏರ್ ಪಂಪನ್ನೇ ಕೊಂಡರೆ ನಿಮ್ಮ ವಿದ್ಯುತ್ತಿನ ಚಿಂತೆಗೂ ಅದೇ ಪರಿಹಾರ. ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಕೊಳವೆಗೆ ಚೆಕ್ ವಾಲ್ವ್ ಹಾಕಿ. ನಿಂತ ಪಂಪಿನ ಕೊಳವೆಯಿಂದ ನೀರು ಹಿಂದಕ್ಕೆ ಹರಿಯುವುದುಂಟು. ವಿದ್ಯುತ್ ಇಲ್ಲದಾಗ ಆಹಾರ ಹಾಕಬೇಡಿ. ತಂತಿಯ ಗುಂಟ ಇಳಿಯುವ ನೀರು ಪ್ಲಗ್ಗಿಗೆ ತಲುಪದಂತೆ ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮತ್ತೆ ಮೇಲೇರುವಂತಿರಲಿ, ಸೋರಿಕೆ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಮನೆಯಲ್ಲಿರಲಿ, ನೀರಿಗೆ ಕೈ ಹಾಕುವ ಮುನ್ನ ಎಲ್ಲ ಪ್ಲಗ್ಗುಗಳನ್ನು ತೆಗೆಯಿರಿ.

ಕೊಳ್ಳುವ ಬೆಲೆಯ ಜೊತೆಗೆ ಓಡಿಸುವ ವೆಚ್ಚವನ್ನೂ ನೋಡಬೇಕು, ಏಕೆಂದರೆ ಫಿಲ್ಟರ್ ಹಗಲಿರುಳು ಓಡುತ್ತದೆ. 40 ವಾಟ್‌ನ ಎರಡು ಕ್ಯಾನಿಸ್ಟರ್‌ಗಳು ತಿಂಗಳಿಗೆ ಸುಮಾರು 58 ಯೂನಿಟ್ ಬಳಸುತ್ತವೆ. 25 ವಾಟ್‌ನ ಪಂಪ್ ಮತ್ತು 10 ವಾಟ್‌ನ ಏರ್ ಪಂಪ್ ಸೇರಿದರೆ ಸುಮಾರು 25 ಯೂನಿಟ್.

ಇನ್ನು, ಫಿಲ್ಟರ್ ಎಷ್ಟೇ ದೊಡ್ಡದಿದ್ದರೂ ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ. ಇದನ್ನು ನಾನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚು ಫಿಲ್ಟರ್ ಕೊಂಡರೆ ಕಡಿಮೆ ನೀರು ಬದಲಿಸಬಹುದು ಎಂಬ ಆಸೆಯಿಂದಲೇ ಅನೇಕರು ಹಣ ಸುರಿಯುತ್ತಾರೆ. ಮೇಲಿನ ಲೆಕ್ಕದಂತೆ 10 ಗ್ರಾಂ ಆಹಾರದಿಂದ ನಿಮ್ಮ ತೊಟ್ಟಿಯಲ್ಲಿ ನೈಟ್ರೇಟ್ ದಿನಕ್ಕೆ ಲೀಟರಿಗೆ 3 ಮಿಲಿಗ್ರಾಂ, ವಾರಕ್ಕೆ 21 ಮಿಲಿಗ್ರಾಂ ಏರುತ್ತದೆ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸುತ್ತಾ ಹೋದರೆ ಅದು ಕಾಲಕ್ರಮೇಣ 21 ಮತ್ತು 42ರ ನಡುವೆ ನಿಲ್ಲುತ್ತದೆ. ಶೇ. 30 ಮಾತ್ರ ಬದಲಿಸಿದರೆ 49 ಮತ್ತು 70ರ ನಡುವೆ. ನಲ್ಲಿಯ ನೀರಿನಲ್ಲೇ ನೈಟ್ರೇಟ್ ಇದ್ದರೆ ಅದನ್ನು ಇದಕ್ಕೆ ಕೂಡಿಸಬೇಕು. 40ರ ಒಳಗೆ ಇರಿಸುವುದು ನಾನು ಸೂಚಿಸುವ ಗುರಿ. ಬೆಳೆದ ಆಸ್ಕರ್‌ಗಳಿಗೆ ವಾರದಲ್ಲಿ ಒಂದು ದಿನ ಆಹಾರ ಬಿಟ್ಟರೆ ಯಾವ ಹಾನಿಯೂ ಇಲ್ಲ, ಅಷ್ಟರಿಂದಲೇ ಈ ಗುರಿ ಕೈಗೆಟುಕುತ್ತದೆ. ಅಮೋನಿಯಾ ಸಂಸ್ಕರಣೆ ನೀರಿನ ಕ್ಷಾರತೆಯನ್ನೂ, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಗುಣವನ್ನೂ, ತಿನ್ನುತ್ತದೆ. ನಿಮ್ಮ ಲೆಕ್ಕಕ್ಕೆ ವಾರಕ್ಕೆ ಲೀಟರಿಗೆ ಸುಮಾರು 34 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ ಎಣಿಸಿದರೆ). ನಿಮ್ಮದು ಮೆದು ನೀರಾಗಿದ್ದು ಬದಲಾವಣೆ ತಪ್ಪಿದರೆ ಪಿಎಚ್ ಕುಸಿಯುತ್ತದೆ, 6.5ಕ್ಕಿಂತ ಕೆಳಗಿಳಿದಂತೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, ಆಗ ಯಾವ ಬೆಲೆಯ ಫಿಲ್ಟರೂ ಪ್ರಯೋಜನಕ್ಕೆ ಬರುವುದಿಲ್ಲ. 270 ಲೀಟರ್ ನೀರನ್ನು ಬಕೆಟ್ಟಿನಲ್ಲಿ ಹೊರುವುದು ಯಾರಿಗೂ ಬೇಸರ ತರುವ ಕೆಲಸ. ಆದ್ದರಿಂದ ಉಳಿದ ಹಣದಲ್ಲಿ ಮೊದಲು ನಲ್ಲಿಯಿಂದ ತೊಟ್ಟಿಗೂ ತೊಟ್ಟಿಯಿಂದ ಬಚ್ಚಲಿಗೂ ಮುಟ್ಟುವಷ್ಟು ಉದ್ದದ ಪೈಪ್ ಕೊಳ್ಳಿ. ನೀರಿನಲ್ಲಿ ಕ್ಲೋರಿನ್ ಇದ್ದರೆ ಇಡೀ ತೊಟ್ಟಿಯ ನೀರಿಗೆ ಸಾಲುವಷ್ಟು ಡಿಕ್ಲೋರಿನೇಟರನ್ನು ಮೊದಲೇ ಹಾಕಿ ತುಂಬಿಸಬೇಕು. ಕ್ಲೋರಿನ್ ಮೀನಿನ ಕಿವಿರಿಗೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಹಾನಿಕರ.

ಮೀಡಿಯಾವನ್ನು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಸಲಹೆ ಕಿವಿಗೆ ಬಿದ್ದರೆ ಒಪ್ಪಬೇಡಿ. ಸ್ಪಂಜು ಹರಿದು ಪುಡಿಯಾಗುವವರೆಗೆ ವರ್ಷಗಟ್ಟಲೆ ಬಾಳುತ್ತದೆ. ಕಸ ಹಿಡಿಯುವ ಹಳೆಯ ಫಿಲ್ಟರಿನ ಸ್ಪಂಜನ್ನು, ಮೊದಲ ಆರು ವಾರ ಕಳೆದ ಮೇಲೆ, ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಿರಿ. ಆ ಅವಧಿಯಲ್ಲಿ ಹರಿವು ತೀರ ಕುಗ್ಗಿದರೆ ಮಾತ್ರ ಮೆಲ್ಲನೆ ಅಲುಗಿಸಿ. ಗೋಡೆಯ ಮುಂಭಾಗವನ್ನು ನೀರು ಬದಲಿಸುವಾಗ ಸೈಫನ್ ಬಾಯಿಂದ ಸವರಿದರೆ ಅದನ್ನು ಹೊರತೆಗೆಯುವ ಸಂದರ್ಭ ತಿಂಗಳುಗಟ್ಟಲೆ ಬರುವುದಿಲ್ಲ. ಎರಡನ್ನೂ ಒಂದೇ ದಿನ ತೊಳೆಯಬೇಡಿ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ಅಳೆಯುವ ದ್ರವರೂಪದ ಟೆಸ್ಟ್ ಕಿಟ್ಟಿಗೆ ಹಣ ತೆಗೆದಿಡಿ, ಏಕೆಂದರೆ ನೀರು ತಿಳಿಯಾಗಿದ್ದ ಮಾತ್ರಕ್ಕೆ ಸುರಕ್ಷಿತವಲ್ಲ; ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನುಗಳನ್ನು ಬಿಟ್ಟ ಮೊದಲ ಎರಡು ವಾರ ದಿನವೂ, ನಂತರ ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಅಮೋನಿಯಾ ಅಥವಾ ನೈಟ್ರೈಟ್ ಕಾಣಿಸಿದ ದಿನ ಆಹಾರ ನಿಲ್ಲಿಸಿ, ಮೂರನೇ ಒಂದು ಭಾಗ ನೀರು ಬದಲಿಸಿ. ಆರು ವಾರಗಳ ನಂತರ, ಎಂದಿನಷ್ಟು ಆಹಾರ ಹಾಕುತ್ತಿರುವಾಗಲೂ ಎರಡೂ ಸೊನ್ನೆಯಲ್ಲೇ ಇದ್ದರೆ ನಿಮಗೆ ಇನ್ನೊಂದು ಫಿಲ್ಟರ್ ಬೇಕಾಗಿಲ್ಲ, ಯಾರು ಏನೇ ಹೇಳಲಿ. ಸೊನ್ನೆಗೆ ಬಾರದಿದ್ದರೆ ಮೊದಲು ಬಕೆಟ್ಟಿನಿಂದ ಹರಿವು ಅಳೆದು, ಸ್ಪಂಜಿನ ಹಿಂದಿನ ನೀರಿನ ಮಟ್ಟ, ಪಿಎಚ್, ತಳದಲ್ಲಿ ಕೊಳೆಯುತ್ತಿರುವ ಆಹಾರ ಇವನ್ನು ನೋಡಿ. ಇವೆಲ್ಲ ಸರಿಯಿದ್ದೂ ಅಮೋನಿಯಾ ಉಳಿದರೆ ಆಗ ಒಂದು ಕ್ಯಾನಿಸ್ಟರ್ ಕೊಳ್ಳಲು ಕಾರಣವಿದೆ. ಮುಂದೆ ಹೊಸ ಮೀನು ಸೇರಿಸುವ ಮನಸ್ಸಾದರೆ ಅದು ತಿನ್ನುವ ಆಹಾರವನ್ನು ಇದೇ ಸೂತ್ರಕ್ಕೆ ಹಾಕಿ, ವಾರದ ನೈಟ್ರೇಟ್ ಎಷ್ಟಕ್ಕೆ ಏರುತ್ತದೆ ಎಂದು ಮೊದಲು ನೋಡಿಕೊಳ್ಳಿ. ನಿಮ್ಮ ತೊಟ್ಟಿಯಲ್ಲಿ ಸ್ಪಂಜಿಗಿಂತ ಮೊದಲು ಮಿತಿ ಮುಟ್ಟುವುದು ನೀವು ಬದಲಿಸಬಲ್ಲ ನೀರಿನ ಪ್ರಮಾಣ.